ಅಜ್ಜಿ ಕಲಿಸದೆ ಬಿಟ್ಟ ಅಣಬೆ

ಗುಡುಗಿನ ಮಳೆಯಾದ ಮರುದಿನ ಯಲಹಂಕದ ನಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡ್ ಪಕ್ಕ ಅಣಬೆ ಎದ್ದಾಗಲೆಲ್ಲ, ಆ ಹಸಿ ವಾಸನೆಗೆ ನನ್ನ ಕಾಲು ನಿಂತುಬಿಡುತ್ತದೆ.

ನಾನು ಚಿಕ್ಕಜಾಲದ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನಲ್ಲಿದ್ದಾಗಿನ ಮಾತು. ವಿಷದ ಅಣಬೆಯ ಬಗ್ಗೆ ಪಾಠ ಮಾಡುತ್ತಿದ್ದ ಮಿಸ್ಸು ಒಂದು ಮಧ್ಯಾಹ್ನ ನನ್ನಜ್ಜಿಯನ್ನು ಶಾಲೆಗೆ ಕರೆಸಿದರು. ಹುತ್ತದ ಅಣಬೆ ಆರಿಸುವುದರಲ್ಲಿ ಅವಳು ಊರಿಗೇ ಎತ್ತಿದ ಕೈ. ಮುತ್ತುಗದ ಎಲೆಯ ಮೇಲೆ ಎರಡು ಅಣಬೆ ಇಟ್ಟುಕೊಂಡು ಬಂದಳು. ಎರಡೂ ಬೆಳ್ಳಗೆ, ಕೂಸಿನ ಕಿವಿಯ ಹಾಗೆ ಮೆತ್ತಗೆ ಇದ್ದವು.

“ಒಂದು ಸಾರಿಗಾಗೋದು, ಒಂದು ವಿಷ. ಸಾರಿಂದು ಯಾವ್ದು, ಏಳ್ರಪ್ಪ?”

ಅವಳ ಮೊಮ್ಮಗಳು ನಾನು, ಸುಮ್ಮನೆ ಕೂರುತ್ತೇನೆಯೇ? ಎಲ್ಲರಿಗಿಂತ ಮೊದಲು ಎದ್ದು ಹೋಗಿ ದಪ್ಪನೆಯದರ ಮೇಲೆ ಬೆರಳಿಟ್ಟೆ.

ಅಜ್ಜಿ ಮಕ್ಕಳ ಕಡೆ ತಿರುಗಿದಳು. “ನೋಡ್ಕೊಳ್ರಪ್ಪ. ನನ್ ಮೊಮ್ಮಗ್ಳು ಈಗ ಸತ್ತೋದ್ಲು.”

ಯಾರೂ ನಗಲಿಲ್ಲ. ಮಿಸ್ಸು ನನ್ನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಸೋಪು ಹಾಕಿ ಕೈ ತೊಳೆಸಿದರು.

ಮನೆಯ ದಾರಿಯುದ್ದಕ್ಕೂ ಅಳುತ್ತಲೇ ನಡೆದೆ. “ಗುರ್ತು ಹಿಡಿಯೋದು ನಂಗೂ ಕಲ್ಸಜ್ಜಿ,” ಎಂದು ಅವಳ ಸೆರಗು ಎಳೆದೆ.

“ಇಲ್ಲ ಕಣವ್ವ. ಅರ್ಧಂಬರ್ಧ ಕಲ್ತು ತಿಂದ್ಬಿಡ್ತೀಯ. ನಾನಿರೋಗಂಟ ನಾನೇ ತಂದು ಸಾರು ಮಾಡಾಕ್ತೀನಿ. ಆಮ್ಯಾಕೆ ನೀನು ಮುಟ್ಬ್ಯಾಡ.”

ಅವತ್ತು ಸಂಜೆ ನನ್ನ ಮುದ್ದೆಗೆ ಎರಡು ಸೌಟು ಅಣಬೆ ಸಾರು ಜಾಸ್ತಿ ಬಿಟ್ಟಳು. ತಟ್ಟೆಯನ್ನು ಬೆರಳಲ್ಲಿ ಬಳಿದು ಮುಗಿಸುವವರೆಗೂ ಎದುರಿಗೇ ಕೂತಿದ್ದಳು.

ಅಜ್ಜಿ ಹೋದ ಮೇಲೆ ನಾನು ಅಣಬೆ ಮುಟ್ಟಲಿಲ್ಲ.