ಮರ್ಯಾದಸ್ಥನ ದೂರು

“ಬರ್ಕೊಳ್ರೀ! ನಿನ್ನೆ ಸಂಜೆಯಿಂದ ಈಗಿನವರೆಗೂ ನನ್ನನ್ನ ಇಲ್ಲಿ ಕೂಡಿಹಾಕಿದ್ದೀರಿ ಅಂತ ಬರ್ಕೊಳ್ರೀ!”

ಫರ್ನಿಚರ್ ಅಂಗಡಿಯ ಯಜಮಾನ ಲಾಕಪ್ಪಿನ ಸರಳು ಹಿಡಿದು ಅಲುಗಾಡಿಸಿದ. ಆಗಷ್ಟೇ ಬೆಳಗಾಗಿತ್ತು. ಠಾಣೆಯಲ್ಲಿದ್ದ ಒಬ್ಬನೇ ಒಬ್ಬ ಹಿರಿಯ ಪೇದೆ ಹಲ್ಲುಜ್ಜುವುದನ್ನು ಅರ್ಧಕ್ಕೆ ಬಿಟ್ಟು, ಬಾಯ್ತುಂಬ ನೊರೆ ಇಟ್ಟುಕೊಂಡೇ ಓಡಿಬಂದ. ಆ ಅವತಾರ ನೋಡಿ ಯಜಮಾನನಿಗೆ ಹೇಸಿಗೆಯಾಯಿತು. ಇಂಥವರ ಕೈಗೆ ಊರು ಕಾಯಲು ಕೊಟ್ಟಿದ್ದಾರೆ!

“ಸಾಹೇಬ್ರು ಬರ್ಲಿ ಯಜಮಾನ್ರೇ. ಬಂದ ತಕ್ಷಣ ಬಿಟ್ಬಿಡ್ತೀವಿ.”

“ಬಿಡಿ ಅಂತ ಯಾರ್ರೀ ಕೇಳಿದ್ರು? ಬರ್ಕೊಳ್ಳಿ ಅಂದೆ.”

ಅಷ್ಟಕ್ಕೂ ಅವನು ಮಾಡಿದ ಘನಂದಾರಿ ಅಪರಾಧವೇನು? ಠಾಣೆಯ ಎದುರಿನ ಬಾರಿನಲ್ಲಿ ಎರಡು ಗ್ಲಾಸು ಕುಡಿದು, ಠಾಣೆಯ ಮೆಟ್ಟಿಲ ಮೇಲೆ ಕೂತು ಹಾಡಿದ್ದ. ಈ ಪೇದೆ ಬಂದು, ಮನೆಗೆ ಹೋಗಿ, ಗಾಡಿ ಹಿಡಿಸಿಕೊಡ್ತೀನಿ ಎಂದು ಗೋಗರೆದಿದ್ದ. ಒಂದು ಸಲವಲ್ಲ, ಮತ್ತೆ ಮತ್ತೆ. ಕೊನೆಗೆ ಯಜಮಾನ ಅವನ ಟೋಪಿ ಕಿತ್ತು ಚರಂಡಿಗೆ ಎಸೆದಿದ್ದ. ಒಂದು ಟೋಪಿಗೋಸ್ಕರ ಮನುಷ್ಯನನ್ನು ಒಳಗೆ ಹಾಕುವುದೇ? ಊರಿನ ಅರ್ಧ ಜನ ಮಲಗುವುದೇ ಅವನ ಅಂಗಡಿಯ ಮಂಚದ ಮೇಲೆ. ಅಂಥವನ ಬೆಲ್ಟು, ಚಪ್ಪಲಿ ಕಸಿದುಕೊಂಡು, ಬರಿ ನೆಲದ ಮೇಲೆ ಸೊಳ್ಳೆಗಳ ಬಾಯಿಗೆ ಕೊಟ್ಟಿದ್ದರು.

ಪೇದೆ ಬಾಯಿ ತೊಳೆದುಕೊಂಡು ಬಂದ. “ಒಂದು ಮಾತು ಕೇಳ್ಲಾ ಯಜಮಾನ್ರೇ? ಕುಡಿದ ವಾಸನೆಗಿಂತ ನಿಮ್ಮ ಕೈಯಿಂದ ಪಾಲಿಶ್ ಎಣ್ಣೆ ವಾಸನೆನೇ ಜಾಸ್ತಿ ಬರ್ತಿತ್ತು. ಎರಡು ಗ್ಲಾಸಿಗೇ ಅಷ್ಟೊಂದು ಏರ್ತಾ ನಿಮಗೆ?”

“ದುಡಿಯೋ ಕೈ ಕಣಯ್ಯ ಇದು. ನಿನ್ನ ಥರ ಬಿಟ್ಟಿ ತಿನ್ನೋ ಕೈಯಲ್ಲ.”

ಹೊರಗೆ ಜೀಪಿನ ಸದ್ದಾಯಿತು. ಪೇದೆ ಬಾಗಿಲ ಕಡೆ ಓಡಿದ.

ಇನ್ಸ್‌ಪೆಕ್ಟರ್ ಬಂದ. ಎಳೆಯ ಮುಖ, ಇಸ್ತ್ರಿ ಕೆಡದ ಅಂಗಿ. ಈ ಠಾಣೆಗೆ ಬಂದು ತಿಂಗಳೂ ಆಗಿರಲಿಲ್ಲ. ಯಜಮಾನನನ್ನು ಹೊರಗೆ ಕರೆಸಿ ಕುರ್ಚಿ ಕೊಡಿಸಿದ. ಕುರ್ಚಿಯ ಒಂದು ಕಾಲು ಗಿಡ್ಡ. ಮೇಜಿನ ಅಂಚು ಕಿತ್ತುಬಂದು ಒಳಗಿನ ಮರದ ಹೊಟ್ಟು ಕಾಣುತ್ತಿತ್ತು. ಇಂಥ ಮೇಜಿನ ಹಿಂದೆ ಕೂರುವವನ ತಲೆಯಲ್ಲೂ ಹೊಟ್ಟೇ ಇರಬೇಕು ಎಂದು ಯಜಮಾನ ಒಳಗೊಳಗೇ ನಕ್ಕ.

“ನೋಡಿ ಸ್ವಾಮಿ, ನನ್ನ ಬಾಮೈದ ಪತ್ರಿಕೆಯಲ್ಲಿದ್ದಾನೆ. ರಾತ್ರಿಯಿಡೀ ನನ್ನನ್ನ ಕೂಡಿಹಾಕಿದ್ವಿ ಅಂತ ನೀವು ಸಹಿ ಹಾಕಿ ಬರೆದುಕೊಡ್ಬೇಕು. ಇಲ್ದಿದ್ರೆ ನಾಳೆ ಪತ್ರಿಕೆಯಲ್ಲಿ ನಿಮ್ಮ ಫೋಟೋ, ನಾಡಿದ್ದು ನಿಮ್ಮ ವರ್ಗಾವಣೆ.”

ಇನ್ಸ್‌ಪೆಕ್ಟರ್ ಕುರ್ಚಿಯಿಂದ ಎದ್ದೇಬಿಟ್ಟ. “ನಮ್ಮಿಂದ ತಪ್ಪಾಗಿದೆ ಸರ್. ಕ್ಷಮಿಸ್ಬಿಡಿ.”

“ನಿಮ್ಮ ಕ್ಷಮೆ ಕಟ್ಕೊಂಡು ನಾನೇನು ಮಾಡ್ಲಿ? ನನ್ನ ಅಂಗಡಿ ಎದುರಿಗೇ ನನ್ನ ತಮ್ಮನ ಅಂಗಡಿ ಇದೆ. ನನ್ನ ಕೈಕೆಳಗೇ ಕೆಲಸ ಕಲಿತು, ನನ್ನ ಗಿರಾಕಿಗಳನ್ನೇ ಎಳ್ಕೊಂಡ ಮಹಾನುಭಾವ. ನಾಳೆ ಅವನು ನನ್ನ ಮುಖ ನೋಡಿ ನಕ್ಕರೆ ನೀವು ಬಂದು ಉತ್ತರ ಹೇಳ್ತೀರಾ? ನನಗೆ ಬರಹದಲ್ಲೇ ಬೇಕು.”

ಇನ್ಸ್‌ಪೆಕ್ಟರ್ ಪೇದೆಗೆ ಕಣ್ಸನ್ನೆ ಮಾಡಿದ. ಇಬ್ಬರೂ ಒಳಕೋಣೆಗೆ ಹೋದರು. ಒಳಗಿನಿಂದ ಯಜಮಾನನಿಗೆ ಬಿಸಿ ಬಿಸಿ ಚಹಾ ಬಂತು. ಅವನು ಕಾಲ ಮೇಲೆ ಕಾಲು ಹಾಕಿಕೊಂಡು ಗುಟುಕರಿಸಿದ. ಈ ಜನ ಇಷ್ಟೇ. ಸ್ವಲ್ಪ ಗದರಿಸಿದರೆ ಸಾಕು, ಕುಣಿಸಿದ ಹಾಗೆ ಕುಣಿಯುತ್ತಾರೆ.

ಸ್ವಲ್ಪ ಹೊತ್ತಿಗೆ ಇನ್ಸ್‌ಪೆಕ್ಟರ್ ಮುಖವರಳಿಸಿಕೊಂಡು ಬಂದ.

“ಎಲ್ಲಾ ಸರಿಮಾಡಿದ್ದೀವಿ ಸರ್. ನಿನ್ನೆ ನೀವು ಇಲ್ಲಿಗೆ ಬಂದೇ ಇಲ್ಲ.”

“ಏನಂದ್ರಿ?”

“ನಿಮ್ಮ ಹೆಸರಿದ್ದ ಹಾಳೆ ಚಹಾದ ಒಲೆಗೆ ಹೋಯ್ತು. ಠಾಣೆಯ ಕ್ಯಾಮೆರಾದಲ್ಲಿದ್ದದ್ದನ್ನೂ ಅಳಿಸಿದ್ದಾಯ್ತು. ಬಾರಿನವನಿಗೂ ಫೋನ್ ಮಾಡಿ ಹೇಳಿದ್ದೀನಿ, ಅವನೂ ನಿಮ್ಮನ್ನ ನೋಡಿಲ್ಲ. ಇನ್ನು ನಿಮ್ಮ ತಮ್ಮನೇನು, ಆ ದೇವರಿಗೂ ಗೊತ್ತಾಗಲ್ಲ. ಮನೆಯಲ್ಲಿ ಮಾತ್ರ ನೀವೇ ಏನಾದ್ರೂ ಹೇಳ್ಕೊಳ್ಳಿ.”

ಯಜಮಾನ ಎದ್ದ ರಭಸಕ್ಕೆ ಚಹಾ ಅಂಗಿಯ ಮೇಲೆಲ್ಲ ಚೆಲ್ಲಿತು.

“ಅಳಿಸಿ ಅಂತ ಯಾರ್ರೀ ಹೇಳಿದ್ರು ನಿಮಗೆ? ಬರೀರಿ! ಮತ್ತೆ ಬರೀರಿ! ನಾನು ಇಲ್ಲೇ ಇದ್ದೆ. ಬೇಕಾದ್ರೆ ಈ ಪೇದೆನ ಕೇಳಿ!”

ಪೇದೆ ಗೋಡೆ ನೋಡುತ್ತ ನಿಂತಿದ್ದ. “ನಾನು ಯಾರನ್ನೂ ನೋಡ್ಲಿಲ್ಲ ಸ್ವಾಮಿ. ಟೋಪಿನೂ ನಾನೇ ಕಳ್ಕೊಂಡಿದ್ದು.”

ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಇನ್ಸ್‌ಪೆಕ್ಟರ್ ಎತ್ತಿಕೊಂಡು ಹೂಂಗುಟ್ಟುತ್ತ ಹೋದ. ಅವನ ಮುಖದ ನಗು ಆರಿತು. ಫೋನಿಟ್ಟು ಯಜಮಾನನ ಕಡೆ ತಿರುಗಿದ.

“ನಿಮ್ಮ ತಮ್ಮನ ಗೋದಾಮು ಸುಟ್ಟು ಬೂದಿಯಾಗಿದೆಯಂತೆ. ಬೆಳಗಿನ ಜಾವ ಯಾರೋ ಹಿಂದಿನ ಕಿಟಕಿಯಿಂದ ಬೆಂಕಿ ಇಟ್ಟಿದ್ದಾರೆ, ಅಣ್ಣನ ಮೇಲೇ ಅನುಮಾನ ಅಂತ ದೂರು ಕೊಡ್ತಿದ್ದಾನೆ.”

ಬೆಳಗಿನ ಜಾವ ಯಾರೂ ಬೆಂಕಿ ಇಟ್ಟಿರಲಿಲ್ಲ. ಪಾಲಿಶ್ ಎಣ್ಣೆ ಕುಡಿದ ಬಟ್ಟೆಗಳನ್ನು ಮುದ್ದೆಮಾಡಿ ರಾಶಿ ಹಾಕಿದರೆ ಕಡ್ಡಿ ಗೀರುವ ಅಗತ್ಯವೇ ಇಲ್ಲ. ಗಂಟೆಗಟ್ಟಲೆ ಒಳಗೊಳಗೇ ಕಾದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಮರದ ಕೆಲಸದವರಿಗೆಲ್ಲ ಗೊತ್ತಿರುವ ಸಂಗತಿ ಅದು. ನಿನ್ನೆ ಸಂಜೆ ತಮ್ಮನ ಗೋದಾಮಿನ ಕಿಟಕಿಯಿಂದ ಅಂಥದೊಂದು ರಾಶಿಯನ್ನು ಒಳಗೆ ಹಾಕಿ, ಯಜಮಾನ ನೆಟ್ಟಗೆ ಬಾರಿಗೆ ನಡೆದಿದ್ದ. ಬೆಂಕಿ ಏಳುವಾಗ ತಾನು ಪೊಲೀಸರ ಬೀಗದೊಳಗಿರಬೇಕು ಎಂಬುದೊಂದೇ ಅವನ ಲೆಕ್ಕಾಚಾರ. ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೆಲ್ಲಿ ಸಿಗುತ್ತದೆ?

ಇನ್ಸ್‌ಪೆಕ್ಟರ್ ಹೊಸ ಹಾಳೆ ತೆಗೆದುಕೊಂಡ. ಪೇದೆಯ ಮುಖ ನೋಡಿದ, ಪೇದೆ ಇವನ ಮುಖ ನೋಡಿದ. ಇಬ್ಬರ ನೌಕರಿಯೂ ಈಗ ಒಂದೇ ಸುಳ್ಳಿನ ಮೇಲೆ ನಿಂತಿತ್ತು.

“ಹೇಳಿ ಸರ್, ನಿನ್ನೆ ರಾತ್ರಿ ನೀವು ಎಲ್ಲಿದ್ರಿ?”