ಹದಿಮೂರು ಸ್ವರ, ಇಪ್ಪತ್ತೊಂದು ವ್ಯಂಜನ

ಕಾಪಿ ಹೊಡೆಯುವವರನ್ನು ಕಂಡರೆ ನನಗೆ ಹೇಸಿಗೆ. ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಪರೀಕ್ಷೆಗೆ ಎಕ್ಸ್‌ಟರ್ನಲ್ ಎಕ್ಸಾಮಿನರ್ ಆಗಿ ಹೋಗಿದ್ದೆ. ಒಂದು ವಾಕ್ಯದಲ್ಲಿ ಸ್ವರ ಎಷ್ಟು, ವ್ಯಂಜನ ಎಷ್ಟು ಎಂದು ಎಣಿಸುವ ಸಣ್ಣ ಪ್ರೋಗ್ರಾಂ ಬರೆಯಲು ಕೊಟ್ಟಿದ್ದೆ. ವಾಕ್ಯ ಮಾತ್ರ ಅವರವರ ಇಷ್ಟ. ಐದು ಹುಡುಗಿಯರ ಪ್ರಿಂಟ್‌ಔಟ್‌ಗಳಲ್ಲೂ ಒಂದೇ ಉತ್ತರವಿತ್ತು: ಸ್ವರ ಹದಿಮೂರು, ವ್ಯಂಜನ ಇಪ್ಪತ್ತೊಂದು.

"ಛೀ! ಸ್ವಂತದ್ದೊಂದು ವಾಕ್ಯಾನೂ ಹೊಳೀಲಿಲ್ವೇನ್ರೇ ನಿಮಗೆ?"

ಪಕ್ಕದಲ್ಲಿ ಕೂತಿದ್ದ ಅವರ ಮೇಷ್ಟ್ರು ಹಾಳೆಗಳತ್ತ ನೋಡಲೂ ಇಲ್ಲ. "ಈ ಬ್ಯಾಚೇ ಹೀಗೆ ಮೇಡಂ, ನಾಚಿಕೆಗೆಟ್ಟವು. ಸೊನ್ನೆ ಹಾಕಿ ಬಿಸಾಕಿ."

ನಾನು ಕೆಂಪು ಪೆನ್ನು ತೆಗೆದೆ. "ಯಾರು ಯಾರದ್ದು ನೋಡಿ ಬರೆದ್ರಿ?"

"ಯಾರೂ ಯಾರದ್ದೂ ನೋಡಿಲ್ಲ ಮೇಡಂ," ಎಂದಳು ಮುಂದೆ ನಿಂತಿದ್ದವಳು. "ವಾಕ್ಯ ಓದಿ."

ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದ ಕನ್ನಡ ಅದು. ಗಟ್ಟಿಯಾಗಿಯೇ ಓದಿದೆ: "ಒಬ್ಬಳೇ ಬಾ, ಇಂಟರ್ನಲ್ಸ್ ಮಾರ್ಕ್ಸ್ ಫುಲ್ ಹಾಕ್ತೀನಿ."

ಮೇಷ್ಟ್ರು ಎದ್ದು ನಿಂತರು.

"ನಮ್ಮ ಐದೂ ಜನರ ಮೊಬೈಲಿಗೆ ಇದೇ ಮೆಸೇಜ್ ಬಂದಿದೆ ಮೇಡಂ," ಎಂದಳು ಅವಳು. "ಕಾಪಿ ಹೊಡೆದಿರೋರು ನಮ್ ಸರ್."