ಹುಣಸೆಹಣ್ಣಿನಲ್ಲಿ ಉಜ್ಜಿದ ಹೆಸರುಗಳು

ಜರ್ಮನಿಯ ಊರುಗಳು ತಾವು ಏನನ್ನು ಎಲ್ಲಿ ಬಚ್ಚಿಟ್ಟೆವೆಂದು ಮರೆತರೆ ನನ್ನನ್ನೇ ಬಂದು ಕೇಳುತ್ತವೆ. ನಾನು ಕ್ಯಾಮೆರಾ ಎತ್ತಿದರೆ ಸಾಕು, ಲೈಪ್‌ಜಿಗ್ಗಿನ ಸೂರ್ಯ ಮೋಡ ಸರಿಸಿಕೊಂಡು ಬಂದು ನಿಲ್ಲುತ್ತಾನೆ.

ದಾವಣಗೆರೆಯಿಂದ ಬಂದಿದ್ದ ನಾದಿನಿಗೂ ಇದನ್ನೇ ಹೇಳಿದೆ. ನನ್ನ ಹೆಂಡತಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು.

“ಭಾವ, ಅಕ್ಕಂದು ಒಂದು ಫೋಟೋ ಕೊಡಿ. ವರ್ಷದ ತಿಥಿಗೆ ಅಮ್ಮ ಗೋಡೆಗೆ ಹಾಕ್ಬೇಕಂತೆ. ಪಾಸ್‌ಪೋರ್ಟಿಂದು ಬೇಡ, ಅದ್ರಲ್ಲಿ ಕಳ್ಳಿ ಥರ ಇದಾಳೆ.”

“ಒಂದೇನು, ಹತ್ತು ಸಾವಿರ ಇವೆ!” ಎಂದು ಕಂಪ್ಯೂಟರ್ ತೆರೆದೆ.

ಬಂದದ್ದೆಲ್ಲ ಅಂಗೈಯಗಲದ ಹಿತ್ತಾಳೆ ಬಿಲ್ಲೆಗಳು. ನಾಜಿಗಳು ಎಳೆದೊಯ್ದವರ ಹೆಸರು ಕೆತ್ತಿ, ನೆನಪಿಗೆಂದು ಅವರ ಮನೆಯೆದುರಿನ ಫುಟ್‌ಪಾತಿನಲ್ಲೇ ಹುದುಗಿಸಿದವು. ಎಷ್ಟೋ ಜನ ನೋಡದೆ ತುಳಿದುಕೊಂಡು ಹೋಗುತ್ತಾರೆ.

“ಚಿನ್ನದ ಹಾಗೆ ಹೊಳೀತಿವೆಯಲ್ಲ!”

“ಬೆಳಕು ನನ್ನ ಮಾತು ಕೇಳುತ್ತೆ.”

“ಬಿಡಿ ಭಾವ, ಬುರುಡೆ. ಹುಣಸೆಹಣ್ಣಲ್ಲಿ ಉಜ್ಜಿ ಉಜ್ಜಿ ಮಂಡಿ ನೋವು ಅಂತ ಅಕ್ಕ ಫೋನಲ್ಲಿ ಹೇಳ್ತಿದ್ಲು. ಇವೆಲ್ಲದರ ಹತ್ರಾನೂ ಅವಳಿದ್ಲು ತಾನೇ? ಎಲ್ಲಿ, ತೋರಿಸಿ.”

ಎರಡು ಡಿಸ್ಕುಗಳಲ್ಲೂ ಒಂದೊಂದಾಗಿ ಕೊನೆಯ ಫೋಟೋದವರೆಗೂ ಹೋದೆ.

“ಇನ್ನೊಂದು ಡಿಸ್ಕಿನಲ್ಲಿರಬೇಕು.”

“ಅದನ್ನೂ ನೋಡಿದ್ವಲ್ಲ ಭಾವ.”

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಒಂದೂ ಇಲ್ಲಮ್ಮ,” ಎಂದೆ. “ಅವಳು ಉಜ್ಜಿ ಮುಗಿಸಿದ ಕೂಡಲೇ ಪ್ರತಿ ಸಲ ನಾನೇ ಹೇಳ್ತಿದ್ದೆ, ಪಕ್ಕಕ್ಕೆ ಸರಿ, ನಿನ್ನ ನೆರಳು ಬೀಳ್ತಿದೆ ಅಂತ.”